ಗುರು ಮುನಿದರೆ ಯಾರು ಕಾಯ್ತಾರೆ?

ಹೊಳಲ್ಕೆರೆ ಕಡೆಯ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ. 2023ರ ಆಗಸ್ಟ್‌ನಲ್ಲಿ ಪಿಎಚ್.ಡಿ.ಗೆ ಸೇರಿದವರು. ಎರಡು ಅಧ್ಯಾಯ ಬರೆದು ಗೈಡ್ ಕೈಗೆ ಕೊಟ್ಟು ಹನ್ನೊಂದು ತಿಂಗಳಾಯಿತು, ಒಂದು ಪುಟವೂ ತಿದ್ದಿ ಬಂದಿಲ್ಲ. ಈ ನಡುವೆ ಗೈಡ್‌ ಅವರ ಬ್ಯಾಂಕ್ ಕೆಲಸ, ಅವರ ಲೇಖನಗಳ ಟೈಪಿಂಗ್, ಇಂಟರ್ನಲ್ ಪರೀಕ್ಷೆಯ ಪೇಪರ್ ನೋಡೋದು ಎಲ್ಲ ಇವರದೇ. ಫೆಲೋಶಿಪ್ ಫಾರಂಗೆ ಸಹಿ ಕೇಳಿದರೆ ‘ನಾಳೆ ಬಾ’. ದೂರು ಕೊಡೋಣ ಅಂದರೆ ಅಪ್ಪ ಬೇಡ ಅಂತಾರಂತೆ: ‘ಹರ ಮುನಿದರೆ ಗುರು ಕಾಯ್ತಾನೆ, ಗುರು ಮುನಿದರೆ ಯಾರು ಕಾಯ್ತಾರೆ?’ ಏನು ಮಾಡಲಿ ಸರ್ ಅಂತ ಕೇಳಿದ್ದಾರೆ. ಅವರ ಹೆಸರು, ವಿಶ್ವವಿದ್ಯಾಲಯದ ಹೆಸರು ಎರಡನ್ನೂ ಬಿಟ್ಟಿದ್ದೇವೆ.

ತಂಗೀ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ನೀವು ಸುಮ್ನೆ ಬರೆದು ಮುಂದೆ ಹೋದ ಒಂದು ಸಾಲಿದೆ. ‘ಸಲಹಾ ಸಮಿತಿ ಸಭೆಯಲ್ಲಿ ಎಲ್ಲ ಚೆನ್ನಾಗಿ ನಡೀತಿದೆ ಅಂದೆ’ ಅಂತ. ನನಗೆ ಇಡೀ ಪತ್ರದಲ್ಲಿ ಹೆಚ್ಚು ನೋವಾಗಿದ್ದು ಅಲ್ಲೇ.

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ಪಿಎಚ್.ಡಿ. ನಿಯಮದ ಪ್ರಕಾರ ಪ್ರತಿ ವಿದ್ಯಾರ್ಥಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರಬೇಕು. ಪ್ರತಿ ಸೆಮಿಸ್ಟರ್‌ನಲ್ಲಿ ಒಮ್ಮೆ ನೀವು ಅದರ ಮುಂದೆ ಹೋಗಿ ಕೆಲಸ ಎಲ್ಲಿಗೆ ಬಂತು ಅಂತ ಹೇಳಬೇಕು. ತೊಡಕು ಇರೋದು ಇಲ್ಲೇ: ಆ ಸಮಿತಿಯ ಸಂಚಾಲಕರು ನಿಮ್ಮ ಗೈಡೇ. ಅವರನ್ನು ಎದುರಿಗೆ ಕೂರಿಸಿಕೊಂಡು ‘ಇವರು ಓದಿಲ್ಲ’ ಅನ್ನೋದು ಯಾರಿಗಾದರೂ ಕಷ್ಟ, ಅದು ನನಗೆ ಅರ್ಥವಾಗುತ್ತದೆ. ಆದರೆ ನೀವು ‘ಚೆನ್ನಾಗಿದೆ’ ಅಂದದ್ದು ವರದಿಯಲ್ಲಿ ಬರುತ್ತದೆ, ನಾಳೆ ನೀವು ದೂರು ಕೊಟ್ಟಾಗ ಅದೇ ವರದಿಯನ್ನು ತೆಗೆದು ನಿಮ್ಮ ಮುಂದೆ ಇಡುತ್ತಾರೆ. ಸಮಿತಿಯ ಶಿಫಾರಸಿನ ಒಂದು ಪ್ರತಿ ನಿಮಗೂ ಕೊಡಬೇಕು ಅಂತ ನಿಯಮದಲ್ಲೇ ಇದೆ. ಕೇಳಿ ಪಡೆಯಿರಿ. ಮುಂದಿನ ಸಭೆಯಲ್ಲಿ ಯಾರನ್ನೂ ಬೈಯಬೇಡಿ. ‘ಎರಡು ಅಧ್ಯಾಯ ಇಂಥ ದಿನ ಕೊಟ್ಟಿದ್ದೇನೆ, ತಿದ್ದುಪಡಿಗೆ ಕಾಯುತ್ತಿದ್ದೇನೆ’ ಅಂತ ಹೇಳಿ. ಅಷ್ಟನ್ನೂ ವರದಿಯಲ್ಲಿ ಬರೆಸಿ.

ನನ್ನ ಜೊತೆ ಓದಿದ ಗೆಳೆಯನೊಬ್ಬ ಹೀಗೇ ನಾಲ್ಕು ವರ್ಷ ಕಾದ. ಕೊನೆಗೆ ಧೈರ್ಯ ಮಾಡಿ ಮೇಲಿನವರ ಹತ್ತಿರ ಹೋದಾಗ ಅವರು ಕೇಳಿದ್ದು ಒಂದೇ ಮಾತು, ಅಧ್ಯಾಯ ಕೊಟ್ಟಿದ್ದಕ್ಕೆ ಏನಿದೆ ಗುರುತು ಅಂತ. ಅವನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಈಗ ಇಲ್ಲೇ ದಾವಣಗೆರೆಯಲ್ಲಿ ಟ್ಯೂಷನ್ ಹೇಳುತ್ತಾನೆ, ಬರೆದ ಹಾಳೆಗಳ ಕಟ್ಟು ಅಟ್ಟದ ಮೇಲಿದೆ. ನಿಮ್ಮದು ಹಾಗಾಗಬಾರದು. ಇವತ್ತೇ ಗೈಡ್‌ಗೆ ಒಂದು ಇಮೇಲ್ ಹಾಕಿ, ಎರಡೂ ಅಧ್ಯಾಯ ಮತ್ತೆ ಸೇರಿಸಿ, ಮೊದಲು ಕೊಟ್ಟ ದಿನಾಂಕ ಬರೆದು. ಭಾಷೆ ಪೂರ್ತಿ ಮರ್ಯಾದೆಯದ್ದೇ ಇರಲಿ. ಫೆಲೋಶಿಪ್ ಸಹಿಯ ಬಗ್ಗೆ ವಿಭಾಗದ ಅಧ್ಯಕ್ಷರಿಗೆ ಬೇರೆ ಅರ್ಜಿ ಕೊಡಿ, ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ.

ಇನ್ನು ನಿಮ್ಮ ಜವಾಬ್ದಾರಿ. ಪೇಪರ್ ನೋಡೋ ಕೆಲಸವನ್ನೂ ಬ್ಯಾಂಕ್ ಕ್ಯೂವನ್ನೂ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಎರಡೂ ಒಂದಲ್ಲ. ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನ ಇಂಥದ್ದಕ್ಕೆ ವಾರಕ್ಕೆ 4ರಿಂದ 6 ಗಂಟೆ ಕೆಲಸ ಕೊಡಲು ಅದೇ ನಿಯಮದಲ್ಲಿ ಅವಕಾಶವಿದೆ, ಅದು ನಿಮ್ಮ ತರಬೇತಿಯ ಭಾಗ. ಅದನ್ನು ದೂರಿನಲ್ಲಿ ಸೇರಿಸಿದರೆ ದೂರೇ ತೆಳುವಾಗುತ್ತದೆ. ವಾರಕ್ಕೆ ಇಪ್ಪತ್ತು ಗಂಟೆ ಆಗಿದ್ದರೆ ಮಾತ್ರ ಲೆಕ್ಕ ಇಟ್ಟು ಬರೆಯಿರಿ. ಬ್ಯಾಂಕು, ಟೈಪಿಂಗ್ ಯಾವ ನಿಯಮದಲ್ಲೂ ಇಲ್ಲ. ಹಾಗೇ ನಿಮ್ಮ ಕಡೆಯ ಪ್ರಗತಿ ವರದಿ, ಫೀಸು, ಹಾಜರಿ ಎಲ್ಲ ಸರಿ ಇದೆಯಾ ನೋಡಿಕೊಳ್ಳಿ. ಸಿಟ್ಟಿನಲ್ಲಿ ಇಲ್ಲದ್ದನ್ನು ಸೇರಿಸಬೇಡಿ, ಸುಳ್ಳು ದೂರು ಅಂತ ಕಂಡುಬಂದರೆ ಕೊಟ್ಟವರ ಮೇಲೇ ಕ್ರಮಕ್ಕೆ ಶಿಫಾರಸು ಮಾಡಬಹುದು.

ಇಷ್ಟಾದರೂ ಏನೂ ಆಗದಿದ್ದರೆ ದೂರು ಕೊಡಿ, ಹೆದರಬೇಡಿ. ಯುಜಿಸಿಯ 2023ರ ನಿಯಮದಂತೆ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಲೇಬೇಕು. ಒಬ್ಬ ಪ್ರೊಫೆಸರ್ ಅಧ್ಯಕ್ಷರು, ನಾಲ್ವರು ಹಿರಿಯ ಅಧ್ಯಾಪಕರು, ಜೊತೆಗೆ ವಿಶೇಷ ಆಹ್ವಾನಿತರಾಗಿ ಒಬ್ಬ ವಿದ್ಯಾರ್ಥಿ. ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆ, ಒಬ್ಬರು ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದವರು ಇರಬೇಕು. ದೂರು ಬಂದ ಮೇಲೆ ಆದಷ್ಟು ಮಟ್ಟಿಗೆ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಅದರ ಪ್ರತಿ ನಿಮಗೂ ಬರಬೇಕು. ನೀವೇ ಹೋಗಿ ಮಾತಾಡಬಹುದು, ನಿಮ್ಮ ಪರವಾಗಿ ಯಾರನ್ನಾದರೂ ಕಳಿಸಲೂಬಹುದು. ಅಲ್ಲೂ ನ್ಯಾಯ ಸಿಗಲಿಲ್ಲ ಅನ್ನಿಸಿದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಮೇಲ್ಮನವಿ ಕೇಳಲು ನೇಮಕವಾದವರು) ಮೇಲ್ಮನವಿ. ಆ ಜಾಗದಲ್ಲಿ ಇರೋರು ನಿವೃತ್ತ ಕುಲಪತಿ, ನಿವೃತ್ತ ಪ್ರೊಫೆಸರ್ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು, ನಿಮ್ಮ ವಿಭಾಗದ ಕಾರಿಡಾರಿನಲ್ಲಿ ನಿಮ್ಮ ಗೈಡ್‌ ಜೊತೆ ಟೀ ಕುಡಿಯೋರಲ್ಲ. ಅವರು 30 ದಿನದೊಳಗೆ ಬಗೆಹರಿಸಲು ಎಲ್ಲ ಪ್ರಯತ್ನ ಮಾಡಬೇಕು. (ಲೈಂಗಿಕ ಕಿರುಕುಳದ ದೂರಿಗೆ ದಾರಿ ಬೇರೆ, ಅದು ಆಂತರಿಕ ದೂರು ಸಮಿತಿಗೆ, ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳೊಳಗೆ. ಇದನ್ನು ಓದುತ್ತಿರುವ ಬೇರೆ ಯಾರಿಗಾದರೂ ಬೇಕಾಗಬಹುದು ಅಂತ ಹೇಳಿದೆ.)

ಕಾಯೋಣ ಅಂತ ಮಾತ್ರ ಅನ್ನಬೇಡಿ. ಪಿಎಚ್.ಡಿ.ಗೆ 6 ವರ್ಷವೇ ಗರಿಷ್ಠ, ಮರುನೋಂದಣಿ ಮಾಡಿಸಿದರೆ ಇನ್ನೂ 2. ಮಹಿಳೆಯರಿಗೆ ಮತ್ತೆ 2 ವರ್ಷ ಸಿಗುತ್ತದೆ ನಿಜ, ಆದರೆ ಅದು ಹೆರಿಗೆ, ಮನೆ ಜವಾಬ್ದಾರಿ ಇಂಥದ್ದಕ್ಕೆ ಆಸರೆಯಾಗಲಿ, ಯಾರದೋ ಮೇಜಿನ ಮೇಲೆ ದೂಳು ಹಿಡಿಯುವ ಅಧ್ಯಾಯಕ್ಕೆ ಯಾಕೆ ಕಳೆಯಬೇಕು ಅಲ್ವಾ?

ಅಪ್ಪನ ಮಾತಿಗೆ ಬರೋಣ. ಅವರು ಹೆದರಿದ್ದು ನಿಮ್ಮ ಮೇಲಿನ ಪ್ರೀತಿಯಿಂದ. ಅವರ ಕಾಲದಲ್ಲಿ ಗುರು ಮುನಿದರೆ ಹೋಗೋಕೆ ಬೇರೆ ಬಾಗಿಲೇ ಇರಲಿಲ್ಲ. ಈಗ ಇದೆ ಅಂತ ಅವರಿಗೆ ಕೂತು ಹೇಳಿ. ನೀವು ಕೇಳುತ್ತಿರುವುದು ಗುರುಗಳ ಅವಮಾನವಲ್ಲ, ಅವರು ಮಾಡಬೇಕಾದ ಕೆಲಸ. ಅರ್ಜಿ ಬರೆಯೋಕೆ ಕೈ ಓಡದಿದ್ದರೆ ಶನಿವಾರ ದಾವಣಗೆರೆಗೆ ಬನ್ನಿ, ಅಪ್ಪನನ್ನೂ ಕರೆದುಕೊಂಡು ಬನ್ನಿ, ನಮ್ಮ ಕಚೇರಿಯಲ್ಲೇ ಮೂವರೂ ಕೂತು ಬರೆಯೋಣ. ದಿನಾಂಕಗಳನ್ನು ಮಾತ್ರ ಮರೆಯದೆ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡು ತನ್ನಿ.

— ಸಂಪಾದಕ