ಮುಂಗೋಪಿ ನಾಯಕನ ಪಕ್ಕ ಶಿಸ್ತಿನ ಅಧಿಕಾರಿ ಎಷ್ಟು ದಿನ ಉಳಿಯಬಹುದು?

ನಿಮ್ಮ ಪ್ರಶ್ನೆ ಇದು: ಗಳಿಗೆಗೊಂದು ಮನಸ್ಸು, ಮೂಗಿನ ತುದಿಯಲ್ಲೇ ಸಿಟ್ಟು ಇರುವ ರಾಜಕೀಯ ನಾಯಕ ಒಬ್ಬ. ಅವನ ಪಕ್ಕದಲ್ಲಿ ನಿಯಮ, ಸಮಯ, ಲೆಕ್ಕ ಅಂತಲೇ ಬದುಕಿದ ಹಿರಿಯ ಅಧಿಕಾರಿ. ಇವರಿಬ್ಬರು ಒಟ್ಟಿಗೆ ಬಾಳೋಕೆ ಆಗುತ್ತಾ? ಇಲ್ಲ, ಅಧಿಕಾರಿ ಒಂದೋ ಹೌದಪ್ಪ ಆಗಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕಾ?

ಈ ಪ್ರಶ್ನೆ ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ನಾನು ಆರು ವರ್ಷ ಒಬ್ಬ ಸಚಿವರ ಆಪ್ತ ಶಾಖೆಯಲ್ಲಿ ಶೀಘ್ರಲಿಪಿಗಾರನಾಗಿದ್ದೆ. ಅವರ ಹೆಸರು ಬೇಡ. ಜನರ ಮಧ್ಯೆ ಬಂಗಾರದಂಥ ಮನುಷ್ಯ, ಕೋಣೆಯೊಳಗೆ ಬೆಂಕಿ. ಅವರ ಆಪ್ತ ಕಾರ್ಯದರ್ಶಿ ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯರು. ಬೆಳಿಗ್ಗೆ ಒಂಬತ್ತೂವರೆಗೆಲ್ಲ ಟಪಾಲು ನೋಡಿ ಮುಗಿಸಿರುತ್ತಿದ್ದರು. ಒಂದು ಸಂಜೆ ಸಚಿವರ ಕೈಯಿಂದ ಕಡತ ಹಾರಿ ಬಂತು. ಟ್ಯಾಗ್ ಬಿಚ್ಚಿಕೊಂಡು ಹಾಳೆಗಳು ಸೋಫಾ ಕೆಳಗೆಲ್ಲ ಹರಡಿದವು. ನಾನು ನೋಟ್‌ಬುಕ್ ಹಿಡಿದು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಹಿರಿಯರು ಮಂಡಿಯೂರಿ ಒಂದೊಂದೇ ಹಾಳೆ ಎತ್ತಿದರು. ಪುಟಸಂಖ್ಯೆ ನೋಡಿ ಜೋಡಿಸಿದರು. ಟ್ಯಾಗ್ ಹಾಕಿ ಅದೇ ಮೇಜಿನ ಮೇಲೆ ಮತ್ತೆ ಇಟ್ಟರು. "ಸರ್, ಇದಕ್ಕೆ ಆರ್ಥಿಕ ಇಲಾಖೆ ಒಪ್ಪಿಲ್ಲ. ನಾನು ಟಿಪ್ಪಣಿಯಲ್ಲಿ ಹಾಗೇ ಬರೀತೀನಿ. ಆಮೇಲೆ ನೀವು ಏನು ಷರಾ ಬರೆದರೂ ಅದು ನಿಮ್ಮ ಅಧಿಕಾರ" ಅಂದರು. ಸಚಿವರು ತುಟಿ ಬಿಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಕಾಫಿ ತರಿಸಿದರು. ಆ ಕಡತ ಅಲ್ಲಿಗೇ ನಿಂತಿತು.

ಎಂಟು ತಿಂಗಳಿಗೆ ಆ ಹಿರಿಯರ ವರ್ಗಾವಣೆ ಆಯ್ತು.

ಅವತ್ತಿನಿಂದ ನನ್ನನ್ನು ಕಾಡಿದ್ದು ಇದೇ ಪ್ರಶ್ನೆ. ಇಷ್ಟೇ ನೇರವಾಗಿ ಮಾತಾಡಿಯೂ ಕೊನೆಯವರೆಗೆ ಉಳಿದವರು ಯಾರಾದರೂ ಇದ್ದಾರಾ? ಹುಡುಕುತ್ತಾ ಹೋದಾಗ ಸಿಕ್ಕವನು ಬ್ರಿಟನ್ನಿನ ಜನರಲ್ ಅಲನ್ ಬ್ರೂಕ್. ಅವನ ಎದುರಿಗಿದ್ದವನು ವಿನ್‌ಸ್ಟನ್ ಚರ್ಚಿಲ್. 1941ರ ಡಿಸೆಂಬರ್‌ನಲ್ಲಿ ಬ್ರೂಕ್ ಬ್ರಿಟಿಷ್ ಭೂಸೇನೆಯ ಮುಖ್ಯಸ್ಥನಾದ. 1945ರ ಜುಲೈನಲ್ಲಿ ಚರ್ಚಿಲ್ ಚುನಾವಣೆ ಸೋಲುವವರೆಗೂ ಅವನ ಪಕ್ಕದಲ್ಲೇ ಇದ್ದ. ಅದೂ ಮಹಾಯುದ್ಧದ ಮಧ್ಯೆ, ಹೆಚ್ಚುಕಮ್ಮಿ ದಿನಾ ಜಗಳ ಆಡುತ್ತಾ.

ಇಬ್ಬರ ಮೊದಲ ಮಾತುಕತೆಯೇ ಜಗಳ. 1940ರ ಜೂನ್ 14. ಅದೇ ದಿನ ಪ್ಯಾರಿಸ್ ಜರ್ಮನರ ಕೈಗೆ ಬಿತ್ತು. ಫ್ರಾನ್ಸಿನಲ್ಲಿ ಉಳಿದಿದ್ದ ಬ್ರಿಟಿಷ್ ಪಡೆಗಳ ಹೊಣೆ ಬ್ರೂಕ್‌ನದು. ಇನ್ನು ಇಲ್ಲಿ ನಿಂತರೆ ಹುಡುಗರು ಸುಮ್ನೆ ಸಾಯುತ್ತಾರೆ, ವಾಪಸ್ ಕರೆಸಿಕೊಳ್ಳಿ ಎಂದು ಅವನು ಲಂಡನ್‌ಗೆ ಹೇಳಿದ್ದ. ರಾತ್ರಿ ಫೋನ್ ಬಂತು. ಆ ಕಡೆ ಚರ್ಚಿಲ್. ಅಲ್ಲಿಯವರೆಗೆ ಇಬ್ಬರೂ ಮಾತಾಡಿಯೇ ಇರಲಿಲ್ಲ. ನಾವು ಜೊತೆಗಿದ್ದೇವೆ ಎಂದು ಫ್ರೆಂಚರಿಗೆ ಅನ್ನಿಸಬೇಕು, ಅಲ್ಲೇ ಇರು ಅಂತ ಚರ್ಚಿಲ್ ಹಟ. ಫ್ರೆಂಚ್ ಸೇನೆ ಸತ್ತುಹೋಗಿದೆ, ಹೆಣಕ್ಕೆ ಏನು ಅನ್ನಿಸೋಕೆ ಸಾಧ್ಯ ಅಂತ ಬ್ರೂಕ್. ನಿನಗೆ ಪುಕ್ಕಲು ಎಂಬರ್ಥದ ಮಾತು ಕೂಡ ಬಂತು. ಸುಮಾರು ಅರ್ಧ ಗಂಟೆ ಹೀಗೇ ಎಳೆದಾಟ. ಕೊನೆಗೆ ಚರ್ಚಿಲ್, ಆಯ್ತು, ನಿನ್ನ ಮಾತು ಒಪ್ಪಿದೆ ಅಂದ. ಮುಂದಿನ ದಿನಗಳಲ್ಲಿ ಪಶ್ಚಿಮದ ಬಂದರುಗಳಿಂದ ಸುಮಾರು 1,90,000 ಜನ ಹಡಗು ಹತ್ತಿ ಪಾರಾದರು.

ಇಲ್ಲಿ ನನಗೆ ಮುಖ್ಯ ಅನ್ನಿಸೋದು ಇದು. ಒಂದೂವರೆ ವರ್ಷದ ನಂತರ ಇದೇ ಮನುಷ್ಯನನ್ನು ಚರ್ಚಿಲ್ ತಾನಾಗಿಯೇ ಆರಿಸಿಕೊಂಡ. ಅದಕ್ಕೆ ಮೊದಲು ಆ ಕುರ್ಚಿಯಲ್ಲಿದ್ದವನು ಜಾನ್ ಡಿಲ್. ಸಭ್ಯ, ಮೃದು ಮಾತಿನವ. ಚರ್ಚಿಲ್‌ನ ಜೊತೆ ವಾದಿಸಿ ವಾದಿಸಿ ಸೋತು ಸುಣ್ಣವಾಗಿದ್ದ. ಬ್ರೂಕ್ ಆ ಥರದವನಲ್ಲ. ನಾನು ಮೇಜು ಗುದ್ದಿ ಮುಖ ಮುಂದೆ ತಂದರೆ ಅವನು ಇನ್ನೂ ಜೋರಾಗಿ ಗುದ್ದಿ ನನ್ನನ್ನೇ ದುರುಗುಟ್ಟಿ ನೋಡುತ್ತಾನೆ ಎಂದು ಚರ್ಚಿಲ್ ಹೇಳಿಕೊಂಡಿದ್ದುಂಟು. ಬ್ರೂಕ್‌ನ ಇಬ್ಬರು ಅಣ್ಣಂದಿರು ಚರ್ಚಿಲ್‌ಗೆ ಹಳೇ ಪರಿಚಯ. ಆ ಮನೆತನದ ಹಟ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕರೆದ.

ಇಬ್ಬರ ದಿನಚರಿಯೇ ಬೇರೆ. ಬೆಳಿಗ್ಗೆ ಹತ್ತೂವರೆಗೆ ಬ್ರೂಕ್ ಮೂರೂ ಸೇನೆಗಳ ಮುಖ್ಯಸ್ಥರ ಸಭೆಯಲ್ಲಿ ಕೂರುತ್ತಿದ್ದ. ಚರ್ಚಿಲ್ ಆ ಹೊತ್ತಿಗೆ ಹಾಸಿಗೆಯಲ್ಲೇ ಕಾಗದ ಹರಡಿಕೊಂಡಿರುತ್ತಿದ್ದ. ಮಧ್ಯಾಹ್ನ ಗಡದ್ದಾಗಿ ನಿದ್ದೆ. ರಾತ್ರಿ ಹತ್ತಕ್ಕೆ ಹೊಸ ಹುರುಪು. ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು ಎರಡು ಗಂಟೆವರೆಗೆ ಮಾತು. 1941ರ ಅಕ್ಟೋಬರ್‌ನ ಒಂದು ರಾತ್ರಿಯನ್ನು ಬ್ರೂಕ್ ಡೈರಿಯಲ್ಲಿ ಬರೆದಿಟ್ಟಿದ್ದಾನೆ. ಸ್ಥಳ ಪ್ರಧಾನಿಯ ಹಳ್ಳಿ ಬಂಗಲೆ ಚೆಕರ್ಸ್. ಗಂಟೆ ಎರಡು ದಾಟಿದೆ. ಗ್ರಾಮಫೋನ್ ಹಾಡುತ್ತಿದೆ. ಬಣ್ಣಬಣ್ಣದ ನಿಲುವಂಗಿ ತೊಟ್ಟ ಚರ್ಚಿಲ್ ಒಂದು ಕೈಯಲ್ಲಿ ಸ್ಯಾಂಡ್‌ವಿಚ್, ಇನ್ನೊಂದು ಕೈಯಲ್ಲಿ ಸೊಪ್ಪು ಹಿಡಿದು ತಾಳಕ್ಕೆ ಸರಿಯಾಗಿ ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾ ಹಜಾರದ ಸುತ್ತ ಓಡುತ್ತಿದ್ದಾನೆ. ಬೆಂಕಿಗೂಡಿನ ಹತ್ತಿರ ಬಂದಾಗಲೆಲ್ಲ ನಿಂತು ಒಂದು ಅಮೂಲ್ಯ ಮಾತು ಉದುರಿಸಿ ಮತ್ತೆ ಓಟ. ನಿದ್ದೆಗೆಟ್ಟ ಬ್ರೂಕ್ ಇದನ್ನೆಲ್ಲ ಮರೆಯದೆ ಬರೆದಿದ್ದಾನೆ ನೋಡಿ. ಅಲ್ಲಿ ಬೇಸರ ಇದೆ. ಅಕ್ಕರೆ ಕೂಡ ಇದೆ.

ಈ ಚರ್ಚಿಲ್‌ನ ತಲೆಯಲ್ಲಿ ದಿನಕ್ಕೊಂದು ಯೋಜನೆ ಹುಟ್ಟುತ್ತಿತ್ತು. ಉತ್ತರ ನಾರ್ವೆಗೆ ಸೈನ್ಯ ಇಳಿಸೋಣ ಎಂಬುದು ಅವನ ಬಿಡದ ಗೀಳು. ಬ್ರೂಕ್ ಸುಮ್ನೆ ಬೇಡ ಅಂತ ಹೇಳಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಹಡಗು ಎಷ್ಟು ಬೇಕು, ಮೇಲಿಂದ ಕಾಯಲು ಯುದ್ಧವಿಮಾನ ಎಲ್ಲಿಂದ ಬರಬೇಕು ಅಂತ ಲೆಕ್ಕ ಹಾಕಿಸುತ್ತಿದ್ದ. ಬ್ರಿಟನ್ನಿನಿಂದ ಹಾರಿದ ಯುದ್ಧವಿಮಾನ ಅಷ್ಟು ದೂರ ಹೋಗಿ ಕಾದು ಬರಲಾರದು. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಮುಗಿಯಲಿಲ್ಲ. 1942ರಲ್ಲಿ ಕೆನಡಾದ ಜನರಲ್ ಮೆಕ್‌ನಾಟನ್‌ನಿಂದ ಬೇರೆಯದೇ ವರದಿ ತರಿಸಿದರು. ಅವನೂ ಇದು ಭಾರೀ ಅಪಾಯ ಅಂದ. ಆದರೂ ಚರ್ಚಿಲ್ ಅದನ್ನು ಪೂರ್ತಿ ಬಿಡಲಿಲ್ಲ. ಆಮೇಲೆ ಸುಮಾತ್ರಾದ ಗೀಳು ಹಿಡಿಯಿತು. 1944ರ ಮಾರ್ಚ್‌ನಲ್ಲಿ ಅದು ಎಷ್ಟು ಬೆಳೆಯಿತು ಎಂದರೆ ಮೂರೂ ಸೇನೆಗಳ ಮುಖ್ಯಸ್ಥರು ಒಟ್ಟಿಗೆ ರಾಜೀನಾಮೆ ಕೊಡುವ ಮಾತು ಬಂತು.

'ಒಟ್ಟಿಗೆ' ಎಂಬ ಈ ಪದದಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ ಅಂತ ನನ್ನ ಅನಿಸಿಕೆ. ಬ್ರೂಕ್ ಒಂಟಿಯಲ್ಲ. ನೌಕಾಪಡೆಯ ಕನಿಂಗ್‌ಹ್ಯಾಮ್, ವಾಯುಪಡೆಯ ಪೋರ್ಟಲ್ ಅವನ ಎರಡೂ ಪಕ್ಕದಲ್ಲಿ. ಮೂವರೂ ಬೆಳಿಗ್ಗೆಯೇ ತಮ್ಮೊಳಗೆ ಮಾತಾಡಿ ಒಂದು ನಿಲುವಿಗೆ ಬಂದಿರುತ್ತಿದ್ದರು. ರಾತ್ರಿ ಚರ್ಚಿಲ್ ಎಷ್ಟೇ ಗುಡುಗಿದರೂ ಮೂವರ ಬಾಯಲ್ಲೂ ಒಂದೇ ಮಾತು. ನಮ್ಮ ಆಪ್ತ ಕಾರ್ಯದರ್ಶಿಗಳಿಗೆ ಈ ಭಾಗ್ಯ ಇರಲಿಲ್ಲ. ಅವರ ಪರವಾಗಿ ಆ ಕೋಣೆಯಲ್ಲಿ ಇನ್ನೊಬ್ಬ ಇದ್ದದ್ದು ನಾನು ಮಾತ್ರ. ನಾನು ಗೋಡೆಗೆ ಅಂಟಿಕೊಂಡಿದ್ದೆ.

ಉಳಿದ ಅರ್ಧ ಉತ್ತರ ನಾಯಕನ ಹತ್ತಿರ ಇದೆ. 1915ರಲ್ಲಿ ಚರ್ಚಿಲ್ ನೌಕಾಖಾತೆಯ ಸಚಿವನಾಗಿದ್ದಾಗ ಡಾರ್ಡನೆಲ್ಸ್ ಜಲಸಂಧಿಯ ಮೇಲಿನ ದಾಳಿಗೆ ಹಟ ಹಿಡಿದಿದ್ದ. ಆ ದಾಳಿ ಕೈಕೊಟ್ಟಿತು. ಅದರ ಬೆನ್ನಿಗೆ ಗಲಿಪೊಲಿಯಲ್ಲಿ ಸಾವಿರಾರು ಸೈನಿಕರು ಸತ್ತರು. ಅವನ ಕುರ್ಚಿ ಹೋಯಿತು. ಆ ಬರೆ ಮಾಸಲೇ ಇಲ್ಲ. ಎರಡನೇ ಯುದ್ಧದಲ್ಲಿ ಅವನು ಕೂಗಿದ, ಬೈದ, ಕಣ್ಣೀರು ಹಾಕಿದ. ಆದರೆ ಮೂವರೂ ಒಂದೇ ಮಾತಾಗಿ ನಿಂತ ಯುದ್ಧದ ವಿಷಯದಲ್ಲಿ ಅವರನ್ನು ಮೀರಿ ಆದೇಶ ಹೊರಡಿಸಲಿಲ್ಲ. ಒಮ್ಮೆ ಕೈ ಸುಟ್ಟುಕೊಂಡವನು ಅವನು.

ಕೈ ಸುಟ್ಟುಕೊಳ್ಳದ ವಿಷಯದಲ್ಲಿ ಏನಾಯ್ತು ಅನ್ನೋದನ್ನೂ ಹೇಳಲೇಬೇಕು. 1943ರ ಬಂಗಾಳದ ಬರ. 20ರಿಂದ 30 ಲಕ್ಷ ಜನ ಸತ್ತರು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಭಾರತ ಖಾತೆಯ ಸಚಿವ ಏಮರಿ, ವೈಸರಾಯ್ ವೇವೆಲ್ ಇಬ್ಬರೂ ಧಾನ್ಯದ ಹಡಗು ಕಳಿಸಿ ಎಂದು ಮತ್ತೆ ಮತ್ತೆ ಕೇಳಿದರು. ಅವರೂ ಹಿರಿಯರೇ, ಅವರೂ ಗಟ್ಟಿಯಾಗಿಯೇ ಕೇಳಿದರು. ಬಂದದ್ದು ಕೇಳಿದ್ದಕ್ಕಿಂತ ತೀರಾ ಕಡಿಮೆ. ಯುವಕನಾಗಿದ್ದಾಗ ನಮ್ಮ ಬೆಂಗಳೂರಿನ ದಂಡಿನಲ್ಲೇ ಸೈನ್ಯಾಧಿಕಾರಿಯಾಗಿದ್ದ ಮನುಷ್ಯ ಇವನು. ಅಲ್ಲಿನ ಕ್ಲಬ್ಬಿನ ಹಳೇ ಲೆಕ್ಕದ ಪುಸ್ತಕದಲ್ಲಿ ಅವನು ಕೊಡದೆ ಹೋದ 13 ರೂಪಾಯಿ ಬಾಕಿ ಇವತ್ತಿಗೂ ಇದೆ. ಬಂಗಾಳದ ಬಾಕಿಯನ್ನು ಯಾವ ಪುಸ್ತಕದಲ್ಲಿ ಬರೆಯೋದು? ಬ್ರೂಕ್‌ನ ಧೈರ್ಯವನ್ನು ಮೆಚ್ಚುವಾಗ ಇದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಮತ್ತೆ ಬ್ರೂಕ್ ವಿಷಯಕ್ಕೆ ಬರುತ್ತೇನೆ. ಉಳಿಯೋದಕ್ಕೆ ಅವನು ತೆತ್ತ ಬೆಲೆ ಜಾಸ್ತಿಯೇ. 1942ರ ಆಗಸ್ಟ್‌ನಲ್ಲಿ ಕೈರೋದಲ್ಲಿ ಚರ್ಚಿಲ್ ಅವನಿಗೆ ಮಧ್ಯಪ್ರಾಚ್ಯದ ಸೇನಾಪತಿಯ ಕೆಲಸ ಕೊಡಲು ಮುಂದಾದ. ಯಾವ ಸೈನಿಕನಿಗೆ ಅದು ಬೇಡ? ಬ್ರೂಕ್ ಒಲ್ಲೆ ಅಂದ. ಅವನು ಕೊಟ್ಟುಕೊಂಡ ಕಾರಣ ಹೀಗಿತ್ತು: ಈ ಮನುಷ್ಯನನ್ನು ಸಂಭಾಳಿಸೋದು ನನಗೆ ಈಗ ಅಭ್ಯಾಸವಾಗಿದೆ. ನನ್ನ ಜಾಗಕ್ಕೆ ಬಂದವನು ಕಲಿಯಲು ಆರು ತಿಂಗಳಾದರೂ ಬೇಕು. ಆ ಆರು ತಿಂಗಳಲ್ಲಿ ಏನು ಬೇಕಾದರೂ ಆಗಬಹುದು. ಫ್ರಾನ್ಸಿನ ಮೇಲಿನ ದೊಡ್ಡ ದಾಳಿಯ ನಾಯಕತ್ವ ನಿನಗೇ ಎಂದು ಚರ್ಚಿಲ್ ಮಾತು ಕೊಟ್ಟಿದ್ದ. 1943ರ ಆಗಸ್ಟ್‌ನಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ, ಕೆಳಗೆ ಸೇಂಟ್ ಲಾರೆನ್ಸ್ ನದಿ ಕಾಣುವ ಜಗಲಿಯಲ್ಲಿ ಅಡ್ಡಾಡುತ್ತಾ, ಅದು ಅಮೆರಿಕದವರಿಗೆ ಹೋಗುತ್ತೆ ಅಂದುಬಿಟ್ಟ. ಒಂದು ಸಮಾಧಾನದ ಮಾತು ಇಲ್ಲ. ಅದೇನು ದೊಡ್ಡ ವಿಷಯ ಎಂಬಂತೆ ಹೇಳಿದ. ಬ್ರೂಕ್ ಅದನ್ನು ನುಂಗಿಕೊಂಡು ಮತ್ತೆ ಸಭೆಗೆ ಹೋದ.

ನುಂಗಿದ್ದೆಲ್ಲ ಎಲ್ಲಿ ಹೋಯಿತು? ಡೈರಿಗೆ. ಪ್ರತಿ ರಾತ್ರಿ, ಎಷ್ಟೇ ಹೊತ್ತಾಗಲಿ, ಹೆಂಡತಿ ಬೆನಿಟಾಗೆ ಹೇಳುವಂತೆ ಬರೆಯುತ್ತಿದ್ದ. ಪತ್ರಿಕೆಯವರ ಕಿವಿಗೆ ಒಂದು ಮಾತು ಹಾಕಲಿಲ್ಲ. 1944ರ ಸೆಪ್ಟೆಂಬರ್‌ನಲ್ಲಿ ಬರೆದದ್ದರ ಸಾರ ಇಷ್ಟು: ಇವನಿಲ್ಲದೆ ಇಂಗ್ಲೆಂಡ್ ಉಳಿಯುತ್ತಿರಲಿಲ್ಲ, ಇವನಿಂದಾಗಿ ಮತ್ತೆ ಮತ್ತೆ ಮುಳುಗುವ ಅಂಚಿಗೆ ಬಂದಿದೆ, ಒಬ್ಬನನ್ನೇ ಇಷ್ಟೊಂದು ಮೆಚ್ಚಿಯೂ ಇಷ್ಟೊಂದು ತಿರಸ್ಕರಿಸಿಯೂ ನನಗೆ ಗೊತ್ತಿಲ್ಲ. ವರ್ಷಗಳ ನಂತರ ಅದೇ ಡೈರಿಗೆ ಟಿಪ್ಪಣಿ ಸೇರಿಸುತ್ತಾ, ದಣಿವಿನಲ್ಲಿ ಬರೆದ ಎಷ್ಟೋ ಮಾತು ಕಟುವಾಯಿತು ಎಂದು ಒಪ್ಪಿಕೊಂಡ. 1957ರಲ್ಲಿ ಅದರ ಭಾಗಗಳು ಅಚ್ಚಾದಾಗ ಚರ್ಚಿಲ್‌ಗೆ ತುಂಬಾ ನೋವಾಯಿತು. ಅದನ್ನು ತಪ್ಪು ಎನ್ನಲಾರೆ. ಆದರೆ ಇಬ್ಬರೂ ಬದುಕಿರುವಾಗ ಅಚ್ಚಾಗಬಾರದಿತ್ತು ಅಂತ ನನಗೆ ಅನ್ನಿಸುತ್ತೆ.

ಅತಿ ಕೆಟ್ಟ ರಾತ್ರಿ 1944ರ ಜುಲೈ 6. ಸಂಸತ್ತಿನಲ್ಲಿ ಭಾಷಣ ಮಾಡಿ ಸುಸ್ತಾಗಿದ್ದ ಚರ್ಚಿಲ್ ಕುಡಿದು ಕೂತಿದ್ದ. ರಾತ್ರಿ ಹತ್ತರಿಂದ ಎರಡರವರೆಗೆ ಸಭೆ. ಫ್ರಾನ್ಸಿನ ನಾರ್ಮಂಡಿಯಲ್ಲಿ ಸೇನಾಪತಿ ಮಾಂಟ್ಗಮರಿ ನಿಧಾನ ಮಾಡುತ್ತಿದ್ದಾನೆ ಎಂದು ಎಲ್ಲರೆದುರು ಹೀನಾಯವಾಗಿ ಬೈಯತೊಡಗಿದ. ಬ್ರೂಕ್‌ಗೆ ತಡೆಯಲಿಲ್ಲ. ನಿಮ್ಮ ಸೇನಾಪತಿಗಳನ್ನು ಐದು ನಿಮಿಷವಾದರೂ ನಂಬೋಕೆ ಆಗಲ್ವಾ, ಬರೀ ಹಂಗಿಸೋದೇ ಆಯ್ತಲ್ಲ ಎಂದು ಸಿಡಿದ. ತನ್ನ ಪದವಿ ಹೋದಾಗ ಸುಮ್ಮನಿದ್ದವನು, ಅಲ್ಲಿ ಇಲ್ಲದವನ ಪರವಾಗಿ ಬಾಯಿ ಬಿಟ್ಟ. ನಮ್ಮ ಹಿರಿಯರು ನನಗೆ ನೆನಪಾಗುವುದು ಇಲ್ಲೇ. ಅವರೂ ತಮ್ಮ ವರ್ಗಾವಣೆಗೆ ಯಾರ ಹತ್ತಿರವೂ ಹೋಗಿ ಕೇಳಲಿಲ್ಲ.

ಇಬ್ಬರ ನಡುವೆ ಇಸ್ಮೇ ಎಂಬ ಜನರಲ್ ಇದ್ದ. ಈ ಕೋಣೆಯ ಮಾತನ್ನು ಆ ಕೋಣೆಗೆ, ಖಾರ ಕಡಿಮೆ ಮಾಡಿ ಮುಟ್ಟಿಸುವವನು. ಬ್ರೂಕ್ ನನ್ನನ್ನು ದ್ವೇಷಿಸುತ್ತಾನೆ, ಅವನ ಕಣ್ಣಲ್ಲೇ ಕಾಣುತ್ತೆ ಎಂದು ಚರ್ಚಿಲ್ ಒಮ್ಮೆ ಅವನ ಹತ್ತಿರ ಅಲವತ್ತುಕೊಂಡನಂತೆ. ಇಸ್ಮೇ ಹೋಗಿ ಬ್ರೂಕ್‌ಗೆ ಹೇಳಿದ. ದ್ವೇಷ ಎಲ್ಲಿಂದ ಬಂತು, ನನಗೆ ಅವನ ಮೇಲೆ ಪ್ರೀತಿ ಇದೆ, ಆದರೆ ಒಪ್ಪದೇ ಇರೋದನ್ನು ಒಪ್ಪಿದೆ ಅಂತ ನಾನು ಹೇಳಿದ ದಿನ ಅವನು ನನ್ನನ್ನು ತೆಗೆದುಹಾಕಬೇಕು ಅಂದ ಬ್ರೂಕ್. ಇದನ್ನು ಕೇಳಿ ಚರ್ಚಿಲ್ ಕಣ್ಣಲ್ಲಿ ನೀರು ಬಂತು ಎನ್ನುತ್ತಾರೆ.

1945ರ ಜುಲೈ ಕೊನೆಯಲ್ಲಿ ಚರ್ಚಿಲ್ ಚುನಾವಣೆ ಸೋತ. ಮರುದಿನ ಸಂಜೆ ಮೂವರು ಮುಖ್ಯಸ್ಥರೂ ಬೀಳ್ಕೊಡಲು ಹೋದರು. ಬ್ರೂಕ್‌ಗೆ ಮಾತೇ ಹೊರಡಲಿಲ್ಲ. ಬಾಯಿ ತೆರೆದರೆ ಅತ್ತುಬಿಡುತ್ತೇನೇನೋ ಎಂಬ ಭಯವಾಯಿತು ಎಂದು ಅವತ್ತು ರಾತ್ರಿ ಡೈರಿಯಲ್ಲಿ ಬರೆದ.