ಎರಡು ಎಕ್ಕ ಇದ್ದರೂ ಸೋತೆ, ಯಾಕೆ?

ಪ್ರಶ್ನೆ: ಭಾನುವಾರ ಗೆಳೆಯರೆಲ್ಲ ಸೇರಿ ಹುಣಸೆಬೀಜ ಪಣಕ್ಕಿಟ್ಟು ಪೋಕರ್ ಆಡುತ್ತೇವೆ. ಕೈಯಲ್ಲಿ ಎರಡು ಎಕ್ಕ ಇದ್ದರೂ ಸೋತೆ. ಆಮೇಲೆ ಸಿಟ್ಟಲ್ಲಿ ಆಡಿ ಎಲ್ಲಾ ಬೀಜ ಕಳೆದುಕೊಂಡೆ. ತಪ್ಪೆಲ್ಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲ ಸೋಲು ತಪ್ಪೇ ಅಲ್ಲ ಸ್ವಾಮಿ. ಎದುರಿಗೆ ಒಬ್ಬನೇ ಇದ್ದು, ಅವನ ಕೈಯಲ್ಲಿ ಯಾವ ಎಲೆ ಇದ್ದರೂ, ಎರಡು ಎಕ್ಕ ಸರಾಸರಿ 100ಕ್ಕೆ ಸುಮಾರು 85 ಸಲ ಗೆಲ್ಲುತ್ತದೆ, ಅಂದರೆ ಉಳಿದ 15 ಸಲ ಕೈ ಕೊಡಲೇಬೇಕು ಅಲ್ವಾ? ನಾಲ್ಕೈದು ಜನರನ್ನು ಸುಮ್ನೆ ಒಳಗೆ ಬಿಟ್ಟುಕೊಂಡರೆ ಸೋಲು ಇನ್ನೂ ಜಾಸ್ತಿ. ಅದಕ್ಕೇ ಶುರುವಿನಲ್ಲೇ ಪಣ ಏರಿಸಿ, ಆಗ ಕೆಲವರಾದರೂ ಎಲೆ ಕೆಳಗಿಟ್ಟು ಹೊರಗೆ ಹೋಗುತ್ತಾರೆ.

ಸಿಟ್ಟಿನದು ಮಾತ್ರ ನಿಮ್ಮದೇ ತಪ್ಪು. ಅದಕ್ಕೆ ‘ಟಿಲ್ಟ್’ ಎನ್ನುತ್ತಾರೆ. ಪಳಗಿದವರು ಆಗ ಎದ್ದು ಹೋಗುತ್ತಾರೆ. ನೀವೂ ಒಂದು ಪ್ಲೇಟ್ ಮಂಡಕ್ಕಿ, ಮಿರ್ಚಿ ತಿಂದು ಬನ್ನಿ. ಹುಣಸೆಬೀಜ ಬಿಡಬೇಡಿ, ದುಡ್ಡಿನ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ.