ರಾಜಕಾಲುವೆಯ ಹೂಳು ಕೆರೆಗೋಡಲ್ಲ

(ಬೆಂಗಳೂರಿನ ನಾಯಂಡಹಳ್ಳಿ ಕಡೆಯ ಓದುಗರೊಬ್ಬರ ಪತ್ರದ ಸಾರ: ವೃಷಭಾವತಿ ರಾಜಕಾಲುವೆಯ ಹೂಳೆತ್ತಿ ರಸ್ತೆ ಬದಿಗೆ ಸುರಿದಿದ್ದಾರೆ. ಬಡಾವಣೆಯವರು ಕಾಲುವೆಯ ನೀರನ್ನು ಪರೀಕ್ಷೆ ಮಾಡಿಸಿದಾಗ ಸೀಸ, ಕ್ರೋಮಿಯಂ ಮಿತಿಯೊಳಗಿವೆ ಎಂಬ ವರದಿ ಬಂದಿದೆ. ಒಣಗಿದ ಹೂಳನ್ನು ತಾರಸಿ ತೋಟದ ಕುಂಡಗಳಿಗೆ ಹಾಕಬಹುದೇ? ಊರಿನಲ್ಲಿ ಹೊಲಕ್ಕೆ ಕೆರೆಗೋಡು, ಅಂದರೆ ಕೆರೆಯ ಹೂಳು, ಹೊಡೆಸುತ್ತಿದ್ದೆವಲ್ಲ?)

ಹಾಕಬೇಡಿ. ಈಗಾಗಲೇ ಹಾಕಿದ್ದರೆ ಆ ಕುಂಡಗಳಲ್ಲಿ ದಂಟು, ಪಾಲಕ್ ಬೆಳೆಯಬೇಡಿ.

ನಿಮ್ಮ ಊರಿನ ಕೆರೆಗೋಡು ಹೊಲದ ಮೇಲ್ಮಣ್ಣೇ. ಮಳೆಗೆ ಕೊಚ್ಚಿ ಹೋದದ್ದನ್ನು ಬೇಸಿಗೆಯಲ್ಲಿ ಗಾಡಿ ಕಟ್ಟಿ ವಾಪಸು ತರುತ್ತಿದ್ದಿರಿ, ಅಷ್ಟೆ. ವೃಷಭಾವತಿಗೆ ಇಳಿಯುವುದು ಮನೆಗಳ ಕೊಳಚೆ, ರಸ್ತೆಯ ದೂಳು, ಪೀಣ್ಯದಿಂದ ಮೈಸೂರು ರಸ್ತೆಯವರೆಗಿನ ಕಾರ್ಖಾನೆಗಳ ತ್ಯಾಜ್ಯ. ಲೋಹದ ಸಾಮಾನಿಗೆ ಹೊಳಪು ಕೊಡುವ ಪ್ಲೇಟಿಂಗ್ ಘಟಕವನ್ನೇ ನೋಡಿ. ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಅದ್ದಿದ ಬಿಡಿಭಾಗವನ್ನು ತೊಳೆದ ನೀರು ಹಳದಿಗೆ ತಿರುಗಿರುತ್ತದೆ. ಆ ಹಳದಿಯೇ ಆರು ವೇಲೆನ್ಸಿಯ ಕ್ರೋಮಿಯಂ, ಕ್ಯಾನ್ಸರ್‌ಕಾರಕ. ಅದನ್ನು ರಾಸಾಯನಿಕ ಬೆರೆಸಿ ಮೂರು ವೇಲೆನ್ಸಿಯ ರೂಪಕ್ಕೆ ತಿರುಗಿಸಿ, ಸುಣ್ಣ ಹಾಕಿ ತಳಕ್ಕೆ ಇಳಿಸಿದ ಮೇಲೆ ನೀರು ಹೊರಬಿಡಬೇಕು. ಅದಕ್ಕೆ ಖರ್ಚಾಗುತ್ತದೆ; ಕತ್ತಲಲ್ಲಿ ಮೋರಿಗೆ ಬಿಟ್ಟರೆ ಖರ್ಚಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ತುಂಬಿಸಿದ ಒಂದು ಬಾಟಲಿ ನೀರು ರಾತ್ರಿಯ ಕಥೆ ಹೇಳುವುದಿಲ್ಲ.

ಆದರೂ ನಿಮ್ಮ ವರದಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಲೋಹಗಳು ನೀರಿನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಕೊಳಚೆಯ ಸಾವಯವ ಪದಾರ್ಥದೊಡನೆ ಸೇರಿ ಆ ಹಳದಿ ಕ್ರೋಮಿಯಂ ಕಡಿಮೆ ವಿಷದ ಮೂರು ವೇಲೆನ್ಸಿಯ ರೂಪಕ್ಕೆ ತಿರುಗಿ ಕೆಸರಿಗೆ ಅಂಟುತ್ತದೆ. ಆಮ್ಲಜನಕವಿಲ್ಲದ ತಳದಲ್ಲಿ ಹುಟ್ಟುವ ಸಲ್ಫೈಡ್ ಸತು, ಸೀಸ, ಕ್ಯಾಡ್ಮಿಯಂಗಳನ್ನು ಕಟ್ಟಿಹಾಕುತ್ತದೆ. ಹೂಳಿನ ಕಪ್ಪು ಬಣ್ಣ, ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಹೀಗಾಗಿ ಮೇಲಿನ ನೀರು ಪರೀಕ್ಷೆಯಲ್ಲಿ ಪಾಸಾಗುತ್ತದೆ. ವರ್ಷಗಳ ಲೆಕ್ಕವೆಲ್ಲ ತಳದಲ್ಲಿ ಉಳಿಯುತ್ತದೆ.

ತೊಂದರೆ ಶುರುವಾಗುವುದು ಹೂಳನ್ನು ಎತ್ತಿ ಬಿಸಿಲಿಗೆ ಹರಡಿದ ಮೇಲೆ. ಗಾಳಿ ತಾಗಿದೊಡನೆ ಸಲ್ಫೈಡ್ ಒಡೆದು ಆಮ್ಲವಾಗುತ್ತದೆ, ಕಟ್ಟಿಹಾಕಿದ್ದ ಲೋಹಗಳು ಬಿಡುಗಡೆಯಾಗುತ್ತವೆ. ವಾಸನೆ ಹೋಯಿತು, ಮಣ್ಣಿನ ಬಣ್ಣ ಬಂತು ಎಂದು ನೀವು ನಂಬುವ ಹೊತ್ತಿಗೇ ಅದರಲ್ಲಿನ ಲೋಹ ಗಿಡಕ್ಕೆ ಸುಲಭವಾಗಿ ಸಿಗುವ ಸ್ಥಿತಿಗೆ ಬಂದಿರುತ್ತದೆ. ಕ್ಯಾಡ್ಮಿಯಂ ಬೇರಿನಿಂದ ಎಲೆಗೆ ಸಲೀಸಾಗಿ ಏರುತ್ತದೆ. ಸೀಸ ಹೆಚ್ಚಾಗಿ ಬೇರಿನಲ್ಲೇ ಉಳಿದರೂ ಎಲೆಯ ಮೇಲೆ ಕೂತ ದೂಳಿನ ಜೊತೆ ತಟ್ಟೆಗೆ ಬರುತ್ತದೆ. ಕುದಿಸಿದರೆ ಸೂಕ್ಷ್ಮಾಣು ಸಾಯಬಹುದು, ಲೋಹ ಸಾಯುವುದಿಲ್ಲ.

(ಎತ್ತಿದ ಹೂಳನ್ನು ಕಾಲುವೆಯ ದಡದಲ್ಲೇ ಬಿಡುವ ಗುತ್ತಿಗೆದಾರರ ಜಾಣತನ ಬೇರೆ! ಮೊದಲ ಮಳೆಗೆ ಅರ್ಧ ಹೂಳು ಮತ್ತೆ ಒಳಗೆ, ಮುಂದಿನ ವರ್ಷ ಮತ್ತೆ ಬಿಲ್ಲು. ಉಳಿದದ್ದು ಹರಿದು ಬಿಡದಿ ಬಳಿಯ ಬೈರಮಂಗಲ ಕೆರೆಗೆ. ಅಲ್ಲಿನ ರೈತರು ಆ ನೀರಿನಲ್ಲೇ ಬೆಳೆ ತೆಗೆಯುತ್ತಾರೆ.)

ಪರೀಕ್ಷೆ ಮಾಡಿಸುವುದಾದರೆ ಹೂಳನ್ನೇ ಕೊಡಿ. ಆಮ್ಲದಲ್ಲಿ ಕರಗಿಸಿ ಒಟ್ಟು ಲೋಹದ ಪ್ರಮಾಣ ಅಳೆಯಿರಿ ಎಂದು ಬರೆದುಕೊಡಿ. ಕುಡಿಯುವ ನೀರಿನ ಮಿತಿಯೊಡನೆ ಹೋಲಿಸಬೇಡಿ. ನಗರ ಕಾಂಪೋಸ್ಟ್‌ಗೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ಮಿತಿಗಳಿವೆ: ಕಿಲೋಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಕ್ರೋಮಿಯಂ 50, ನಿಕಲ್ 50, ಸೀಸ 100. ನಿಮ್ಮ ಹೂಳು ಇವನ್ನು ಮೀರಿದರೆ ವರದಿಯ ಪ್ರತಿ ಲಗತ್ತಿಸಿ ಪಾಲಿಕೆಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ದೂರು ಕೊಡಿ. ಅಲ್ಲಿಯವರೆಗೆ ಆ ರಾಶಿಗೆ ಟಾರ್ಪಾಲು ಹೊದಿಸಲು ಹೇಳಿ, ಮಕ್ಕಳನ್ನು ಅದರ ಮೇಲೆ ಆಡಲು ಬಿಡಬೇಡಿ.

– ಸಂಪಾದಕ